ರದ್ದಾಗುತ್ತಿದ್ದ ಕಮಲಾಪುರದ ಸರದಿ

ಕೋವಿಡ್ ತಗ್ಗಿದ ಮರುವರ್ಷ ನಾನು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಾಫ್ಟ್‌ವೇರ್ ಸಪೋರ್ಟ್ ಎಂಜಿನಿಯರ್ ಆಗಿದ್ದೆ. ಯಾರೋ ಬರೆದು ಕೈತೊಳೆದುಕೊಂಡ ಪ್ರೋಗ್ರಾಂ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು, ಅಂದರೆ ಡಿಬಗ್ಗಿಂಗ್, ನನ್ನ ಕೆಲಸ. ಸಂಬಳಕ್ಕಿಂತ ಬೈಗುಳವೇ ಸರಿಯಾದ ಹೊತ್ತಿಗೆ ಬರುತ್ತಿತ್ತು.

ಡಯಾಲಿಸಿಸ್ ಯಂತ್ರಗಳ ಸರದಿಯನ್ನು ಹಂಚುತ್ತಿದ್ದುದು ಕಂಪ್ಯೂಟರ್. ಕಲಬುರಗಿ ಮತ್ತು ಪಕ್ಕದ ಕಮಲಾಪುರದ ಕೌಂಟರುಗಳಲ್ಲಿ ಹಚ್ಚಿದ, ಅಂದರೆ ಬರೆಸಿದ, ಹೆಸರುಗಳನ್ನು ಸಂಜೆ ಕೂಡಿಸಿ, ಮೊದಲು ಬಂದವರಿಗೆ ಮರುದಿನದ ಯಂತ್ರ ಕೊಡುತ್ತಿತ್ತು. ಕಮಲಾಪುರದವರಿಗೆ ಕೌಂಟರಿನಲ್ಲಿ ಕೊಟ್ಟ ಸರದಿ ಮಾತ್ರ ಸಂಜೆಯ ಲೆಕ್ಕದಲ್ಲಿ ಮತ್ತೆ ಮತ್ತೆ ರದ್ದಾಗುತ್ತಿತ್ತು; ಅದು ಅವರಿಗೆ ತಿಳಿಯುತ್ತಿದ್ದುದು ಮರುದಿನ ಆಸ್ಪತ್ರೆಗೆ ಬಂದ ಮೇಲೆ. ಅಲ್ಲಿಯ ಬಾಳೆಹಣ್ಣಿನ ವ್ಯಾಪಾರಿ ಖಾಜಾಸಾಬ್ ಹೆಂಡತಿ ಹಲೀಮಾರನ್ನು ಬಸ್ಸಿನಲ್ಲಿ ಕರೆತಂದು, ಹಾಗೆಯೇ ವಾಪಸು ಹೋದದ್ದನ್ನು ನಾನೇ ನೋಡಿದ್ದೆ. ಬಾತ ಕಾಲಿಗೆ ಆಕೆಯ ಚಪ್ಪಲಿ ಹಿಡಿಸುತ್ತಿರಲಿಲ್ಲ.

"ನಿಮಗಿಂತ ಮೊದಲ ಬ್ಯಾರೇದವ್ರು ಹೆಸರು ಹಚ್ಯಾರ್ರಿ. ತಡಾ ಮಾಡ್ಬ್ಯಾಡ್ರಿ, ಇನ್ನೊಮ್ಮಿ ಲಗೂ ಹಚ್ರಿ," ಎಂದು ನಮ್ಮ ಕೌಂಟರಿನವರು ಹೇಳುತ್ತಿದ್ದರು.

ಕಲಬುರಗಿಯಲ್ಲಿ ಕುಳಿತು ಕೋಡ್ ಜಾಲಾಡಿದೆ. ಇಲ್ಲಿ ಪರೀಕ್ಷಿಸಿದರೆ ಎಲ್ಲ ಸರಿ. ನೆಟ್‌ವರ್ಕಿನ ಮೇಲೆ ಗೂಬೆ ಕೂರಿಸಿ ಅದನ್ನೂ ಬದಲಾಯಿಸಿದೆವು, ಏನೂ ಆಗಲಿಲ್ಲ. ತಲೆ ಕೆಟ್ಟು ಕೊನೆಗೆ ಬಸ್ ಹತ್ತಿದೆ.

ಕಮಲಾಪುರದ ಕೌಂಟರ್ ನೋಡಿಕೊಳ್ಳುತ್ತಿದ್ದ ಶಿವಲೀಲಾ ಚಹಾ ತರಿಸಿದರು. ಅವರ ಕಂಪ್ಯೂಟರಿನ ಗಡಿಯಾರ ನನ್ನ ಮೊಬೈಲಿಗಿಂತ ಹತ್ತು ನಿಮಿಷ ಮುಂದಿತ್ತು.

"ನಾವೇ ಮುಂದ ಇಟ್ಟೀವ್ರಿ. ಪೇಶಂಟ್‌ಗೋಳಿಗಿ ಕಲಬುರಗಿ ಬಸ್ ತಪ್ಪಬಾರ್ದು ನೋಡ್ರಿ."

ಕೋಡ್ ತೆರೆದು ನೋಡಿದೆ. ಹೆಸರು ಹಚ್ಚಿದ ಸಮಯವನ್ನು ಪ್ರೋಗ್ರಾಂ ಆಯಾ ಕೌಂಟರಿನ ಗಡಿಯಾರದಿಂದಲೇ ಪಡೆಯುತ್ತಿತ್ತು. ಇಲ್ಲಿಯವರು ಮೊದಲು ಬಂದರೂ, ಅವರ ನಂತರ ಹತ್ತು ನಿಮಿಷದೊಳಗೆ ಹೆಸರು ಹಚ್ಚಿದ ಕಲಬುರಗಿಯವರು ಲೆಕ್ಕದಲ್ಲಿ ಮುಂದಾಗುತ್ತಿದ್ದರು. ಶಿವಲೀಲಾ ಮೇಲೆ ಸಿಟ್ಟಾಗಲೂ ಮನಸ್ಸು ಬರಲಿಲ್ಲ. ಸಮಯವನ್ನು ಆಸ್ಪತ್ರೆಯ ಸರ್ವರಿನಿಂದಲೇ ತೆಗೆದುಕೊಳ್ಳುವಂತೆ ಅಲ್ಲೇ ಕುಳಿತು ತಿದ್ದಿದೆ. ಚಹಾ ಇನ್ನೂ ಬೆಚ್ಚಗಿತ್ತು.

ಖಾಜಾಸಾಬರಿಗೆ ಹೇಳೋಣವೆಂದು ವಿಚಾರಿಸಿದೆ. ಹಲೀಮಾ ಹಿಂದಿನ ವಾರ ತೀರಿಕೊಂಡಿದ್ದರು.

ಆದರೂ ಹೋದೆ. ಬಾಳೆಹಣ್ಣಿನ ಅಂಗಡಿಯಲ್ಲಿ ಕುಳಿತಿದ್ದ ಅವರು ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು.

"ಅಂದ್ರ ನಾ ತಡಾ ಮಾಡಿದ್ದಿಲ್ಲೇನ್ರಿ ಸಾಹೇಬ್ರ? ನಾ ಲಗೂ ಹೋಗಿ ಹೆಸರು ಹಚ್ಲಿಲ್ಲ ಅಂತ ಮಗಳು ನನ್ ಸಂಗಡ ಮಾತೇ ಬಿಟ್ಟಾಳ್ರಿ."

"ಇಲ್ಲ. ನೀವೇ ಮೊದಲು ಬಂದಿದ್ರಿ."

ಅವರು ಅವಸರದಿಂದ ಮಗಳಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ನಾನು ಮೊದಲಿನಿಂದ ಎಲ್ಲವನ್ನೂ ವಿವರಿಸಿದೆ.

"ಈಗ ಹೇಳಾಕತ್ತೀರೇನ್ರಿ?" ಎಂದಳು. ಫೋನ್ ಕಟ್ಟಾಯಿತು.

ಖಾಜಾಸಾಬ್ ನನ್ನ ಮುಖವನ್ನೇ ನೋಡುತ್ತಿದ್ದರು. ಕಾರಣ ಸರಿಯಾಗಿದ್ದರೆ ಸಾಲದು, ಅದು ಬೇಕಾದವರು ಬದುಕಿರುವಾಗ ಸಿಗಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ.