ಹೆಡ್‌ಫೋನ್ ತೂತಿನ ಪಿನ್ನು ಕಿತ್ತ ದಿನ

ಮೊನ್ನೆ ಹೊಳಲ್ಕೆರೆಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಂತಿದ್ದೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ಬಿಸಿ ರಾಳದ ಹೊಗೆ ಮೂಗಿಗೆ ಬಡಿದದ್ದೇ ತಡ, ಚಿಕ್ಕಜಾಜೂರಿನ ಮೈಕ್‌ಸೆಟ್ ಅಂಗಡಿಯ ಅಕ್ಕ ನೆನಪಾದರು. ಕಣ್ಣು ತುಂಬಿತು. ಹೊಗೆಯಿಂದ ಎಂದು ಸುಳ್ಳು ಹೇಳುವುದಿಲ್ಲ…

ಅಂಗಡಿ ಅವರ ಗಂಡನದು. ಮದುವೆ, ಗಣೇಶನ ಹಬ್ಬಗಳಿಗೆ ಹಾರನ್ ಸ್ಪೀಕರ್ ಕಟ್ಟಲು ಗಂಡ ಊರೂರು ತಿರುಗುತ್ತಿದ್ದರು. ಕೆಟ್ಟದ್ದನ್ನು ಬಿಚ್ಚಿ ಸರಿ ಮಾಡುತ್ತಿದ್ದವರು ಅಕ್ಕ. ಜವನಗೊಂಡನಹಳ್ಳಿ ಕಡೆಯ ಕುರಿ ಸಾಕುವ ಮನೆಯ ಮಗಳು, ಓದಿದ್ದು ಏಳನೇ ಕ್ಲಾಸು. ಬಂದ ಗಿರಾಕಿಗಳೆಲ್ಲ "ಯಜಮಾನ್ರು ಇಲ್ವೇನಮ್ಮ?" ಎಂದೇ ಕೇಳುತ್ತಿದ್ದರು.

"ಯಜಮಾನ್ರು ಕೆಟ್ಟಿಲ್ಲ. ಕೆಟ್ಟಿರೋದನ್ನ ಕೊಡ್ರಿ" ಎನ್ನುತ್ತಿದ್ದರು ಅಕ್ಕ, ತಲೆ ಎತ್ತದೆ.

ನಾನು ಆಗ ಚಿತ್ರದುರ್ಗದಲ್ಲಿ ಕಾಲೇಜು ಓದುತ್ತ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆ. ತಂಡಕ್ಕೆ ಮೈಕ್‌ಸೆಟ್ ಬರುತ್ತಿದ್ದುದು ಅಕ್ಕನ ಅಂಗಡಿಯಿಂದಲೇ. ಹುಡುಗಿಗೆ ಯಾಕೆ ಈ ಉಸಾಬರಿ ಎಂದು ಕೇಳದವರೇ ಇಲ್ಲ. ಹೊಸದುರ್ಗದಲ್ಲಿ ಮುಚ್ಚಿಹೋದ ಇನ್ನೊಂದು ತಂಡದವರಿಂದ ಹಳೆಯ ಗಿಟಾರ್ ಆಂಪ್ಲಿಫೈಯರ್ ಕೊಂಡೆ. ನಾಬ್‌ಗಳ ಸುತ್ತ ಇದ್ದ ಅಕ್ಷರಗಳೆಲ್ಲ ಅಳಿಸಿದ್ದವು. ಮನೆಗೆ ತಂದು ಹಚ್ಚಿದರೆ ದೀಪ ಉರಿಯಿತೇ ಹೊರತು, ತಂತಿ ಮೀಟಿದರೆ ಸದ್ದಿಲ್ಲ. ಚೆನ್ನಾಗಿ ಟೋಪಿ ಹಾಕಿದರು ಎಂದು ಬೈದುಕೊಳ್ಳುತ್ತ ಅದನ್ನು ಬಸ್ಸಿನಲ್ಲಿ ಹೊತ್ತು ತಂದು ಅಕ್ಕನ ಮುಂದೆ ಇಟ್ಟೆ. ಹೇಗೆ ಹಚ್ಚಿದೆ ತೋರಿಸು ಎಂದರು. ತೋರಿಸಿದೆ.

"ಏನವ್ವ, ಸ್ಪೀಕರ್‌ಗೆ ಹೋಗೋ ತೂತಿಗೆ ಗಿಟಾರ್ ಚುಚ್ಚಿದ್ರೆ ಹೆಂಗೆ? ಬಾಗ್ಲು ಬಿಟ್ಟು ಬಚ್ಚಲ ಮೋರಿಯಾಗೆ ಮನೆಗೆ ಬಂದಂಗಾತು."

ಪಿನ್ನನ್ನು ಮುಂದಿನ ತೂತಿಗೆ ಹಾಕಿ ಅವರೇ ತಂತಿ ಮೀಟಿದರು. ಆಂಪ್ ಗುಡುಗಿತು. ನಾಚಿಕೆಯಿಂದ ನೆಲ ನೋಡುತ್ತ ನಿಂತೆ. ಅಕ್ಕ ಮಾತ್ರ ನಗಲಿಲ್ಲ, ಸ್ಟೂಲು ಎಳೆದು ಕೂರಿಸಿ ಪಾಠ ಶುರು ಮಾಡಿದರು.

"ಇದು ಗೇನು. ಬೋರಿನ ಮೋಟ್ರು ಅಂತ ತಿಳ್ಕ. ಜಾಸ್ತಿ ಎಳೆದ್ರೆ ಕೆಸರು ಬರ್ತೈತೆ, ಸದ್ದು ಗೊರಗೊರ ಅಂತೈತೆ. ಇದು ವಾಲ್ಯೂಮು, ತೋಟಕ್ಕೆ ಬಿಡೋ ವಾಲ್ವು."

"ನಂಗೆ ಕೆಸರೇ ಬೇಕು ಅಕ್ಕ" ಅಂದೆ.

ಆಗ ನಕ್ಕರು. "ಹಂಗಾದ್ರೆ ಗೇನ್ ಜಾಸ್ತಿ ಇಡು, ವಾಲ್ಯೂಮ್ ಕಮ್ಮಿ. ಬಯ್ಯೋರು ಬಯ್ಲಿ."

ಬೇಸ್, ಮಿಡಲ್, ಟ್ರೆಬಲ್ ಮೂರನ್ನೂ ನಡುವಿಗೆ ನಿಲ್ಲಿಸಿ, ಒಂದೊಂದನ್ನೇ ತಿರುಗಿಸಿ ಕೇಳಿಸಿದರು. ಕಣ್ಣು ಮುಚ್ಚಿ ಹೇಳು, ಯಾವುದು ತಿರುಗಿತು ಎಂದು ಪರೀಕ್ಷೆ ಬೇರೆ. ಕೊನೆಗೆ ಹೆಡ್‌ಫೋನ್ ತೂತಿನ ಮೇಲೆ ಬೆರಳಿಟ್ಟರು. "ಇಲ್ಲಿ ಪಿನ್ನು ಹಾಕಿದ್ರೆ ನಿನ್ ಸ್ಪೀಕರ್ ಬಂದ್. ವೈರಿನ ಆ ತುದಿ ಯಾರ್ ಕೈಯಾಗೈತೋ ಅವ್ರು ಬಿಟ್ರುಂಟು, ಇಲ್ಲಾಂದ್ರೆ ಇಲ್ಲ. ನೆಪ್ಪಿಟ್ಕ."

ನೆನಪಿಡಲಿಲ್ಲ ನಾನು.

ಆ ವರ್ಷ ಚಿಕ್ಕಜಾಜೂರಿನ ಗಣೇಶನ ಪೆಂಡಾಲಿನಲ್ಲೇ ನಮ್ಮ ಕಾರ್ಯಕ್ರಮ. ತಂಡದ ನಾಯಕರು ಅದೇ ತೂತಿನಿಂದ, ಎಲ್ಲರ ಸದ್ದು ಏರಿಸಿ ಇಳಿಸುವ ತಮ್ಮ ಮಿಕ್ಸರಿಗೆ ವೈರು ಎಳೆದರು. "ಸೌಂಡ್ ನಾನ್ ನೋಡ್ಕೊಳ್ತೀನಿ. ನೀನು ಚೆಂದಾಗಿ ನಿಂತ್ಕೊ ಸಾಕು" ಎಂದರು. ಮೂರು ಹಾಡು ಮುಗಿದವು. ಬೆರಳು ಸುಲಿಯುವಂತೆ ನುಡಿಸಿದರೂ ನನ್ನದೊಂದು ಸ್ವರ ಕೇಳಲಿಲ್ಲ. ನನ್ನ ಕೈಯೇ ಸರಿಯಿಲ್ಲ, ಇವತ್ತಿಗೆ ಗಿಟಾರ್ ಬಿಟ್ಟುಬಿಡಬೇಕು ಎಂದು ನಿರ್ಧಾರವೇ ಮಾಡಿದ್ದೆ…

ಮೈಕ್‌ಸೆಟ್ ಅಕ್ಕನ ಅಂಗಡಿಯದು. ಅವರು ವೇದಿಕೆಯ ಮಗ್ಗುಲಿಗೆ ಬಂದು ನಿಂತರು. "ಲೇ, ಆ ಪಿನ್ನು ಕೀಳು. ಡಬ್ಬಾನ ಜನದ ಕಡೆ ತಿರುಗ್ಸು."

ಕಿತ್ತೆ. ನಾಲ್ಕನೇ ಹಾಡಿಗೆ ನನ್ನ ಕೆಸರು ಇಡೀ ಬೀದಿಗೆ ಹರಿಯಿತು. ಮುಂದೆ ಕೂತ ಹೆಂಗಸರು ಮಾತು ನಿಲ್ಲಿಸಿ ನನ್ನ ಕಡೆ ನೋಡಿದರು. ನಾಯಕರು ಮಿಕ್ಸರಿನ ಮೇಲೆ ಏನೇನೋ ಎಳೆದಾಡಿದರು, ಏನೂ ನಡೆಯಲಿಲ್ಲ. ಆ ಖುಷಿ ಇವತ್ತಿಗೂ ಇದೆ.

ಮರುದಿನ ನನ್ನನ್ನು ತಂಡದಿಂದ ತೆಗೆದರು. ಅಕ್ಕನ ಅಂಗಡಿಯ ಮೈಕ್‌ಸೆಟ್ ತರಿಸುವುದನ್ನೂ ನಿಲ್ಲಿಸಿದರು. ನನ್ನಿಂದ ಹೀಗಾಯಿತಲ್ಲ ಎಂದು ಹೋಗಿ ಅತ್ತು ಅಕ್ಕನಿಂದ ಬೈಸಿಕೊಂಡೆ. "ನಿನ್ ಸದ್ದು ನಿಂಗ್ ಕೇಳ್ತೋ ಇಲ್ವೋ? ಆತು ಬಿಡು. ಕಣ್ಣೊರೆಸ್ಕ."

ಈಗ ಹಿರಿಯೂರಿನಲ್ಲಿ ಗಿಟಾರ್ ಕಲಿಸುತ್ತೇನೆ. ಅಕ್ಕ ತೀರಿಕೊಂಡು ವರ್ಷವಾಯಿತು, ಮೊನ್ನೆ ಹೊಳಲ್ಕೆರೆಯಿಂದ ಹೊರಟಿದ್ದು ಅವರ ವರ್ಷದ ಪೂಜೆಗೆ. ಮನೆಯ ಮುಂದೆ ಫ್ಲೆಕ್ಸ್ ಕಟ್ಟಿದ್ದರು. ಫೋಟೊದ ಕೆಳಗೆ ಹೆಸರು, ಅದರಡಿ ಮೈಕ್‌ಸೆಟ್ ಮಾಲೀಕರ ಧರ್ಮಪತ್ನಿ ಎಂದಿತ್ತು. ಅಷ್ಟೇ. ನನಗೆ ಮೈಯೆಲ್ಲ ಉರಿದುಹೋಯಿತು.

"ರಿಪೇರಿ ಮಾಡ್ತಿದ್ದೋರು ಯಾರು? ಅದನ್ಯಾಕೆ ಹಾಕ್ಸಿಲ್ಲ?" ಎಂದು ಎಲ್ಲರೆದುರೇ ಕೇಳಿದೆ.

"ಹೆಣ್ಮಕ್ಳಿಗೆ ಹಂಗೆಲ್ಲ ಹಾಕ್ಸಲ್ಲಮ್ಮ, ಕುಂತ್ಕಳ್ರಿ" ಎಂದರು ನೆಂಟರೊಬ್ಬರು.

ಕೂರಲಿಲ್ಲ. ಬ್ಯಾಗಿನಿಂದ ಮಾರ್ಕರ್ ತೆಗೆದು, ಪ್ಲಾಸ್ಟಿಕ್ ಕುರ್ಚಿ ಹತ್ತಿ, ಅಕ್ಕನ ಹೆಸರಿನ ಪಕ್ಕ 'ಆಂಪ್ಲಿಫೈಯರ್ ಮೆಕ್ಯಾನಿಕ್' ಎಂದು ಬರೆದೆ. ಗುಜುಗುಜು ಶುರುವಾಯಿತು. ಅಕ್ಕನ ಗಂಡ ಎದ್ದು ಬಂದರು. ಇಳಿಸುತ್ತಾರೆ ಅಂದುಕೊಂಡೆ. ಅವರು ಬಗ್ಗಿ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇನ್ನೂ ದಪ್ಪ ಬರಿಯವ್ವ. ರೋಡಿಗೆ ಕಾಣ್ಬೇಕು."