ವರ್ನಾ ಹುದಾಕಳ ಹಸಿರು ಕುರ್ಚಿ

ಪಿಟ್ಸ್‌ಬರ್ಗಿನ ನಮ್ಮ ಗುಡ್ಡದ ಬೀದಿಯಲ್ಲಿ ಮೂಗು ಮುರಿಯುವಂತೆ ಗುದ್ದಿದರೂ ಕ್ಷಮೆ ಸಿಕ್ಕೀತು, ಕಾರಿನ ಜಾಗ ಹಿಡಿಯಲು ಇಟ್ಟ ಕುರ್ಚಿಯನ್ನು ಸರಿಸಿದರೆ ಸಿಗುವುದಿಲ್ಲ. ಮನೆ ಮುಂದೆ ಕುರ್ಚಿ ಇದೆಯೆಂದರೆ ಆ ಜಾಗ ಆ ಮನೆಯವರದು. ಕಾನೂನಿನಲ್ಲಿ ಹಾಗೇನೂ ಇಲ್ಲ, ಆದರೂ ಪೊಲೀಸರು ಕೂಡ ಮುಟ್ಟುವುದಿಲ್ಲ.

ವರ್ನಾ ಹುದಾಕಳದು ಅಡುಗೆಮನೆಯ ಹಸಿರು ಕುರ್ಚಿ. ಅವಳ ಗಂಡ ಸ್ಟಾನ್ ಅದರ ಮೇಲೆ ಕೂತು ಬೂಟು ಕಟ್ಟಿಕೊಂಡು ಗಾಜಿನ ಕಾರ್ಖಾನೆಗೆ ಹೋಗುತ್ತಿದ್ದ. ರೋಲಂಡ್ ಕ್ರೇಗ್ ಎಂಬಾತ ಆ ಕಾರ್ಖಾನೆ ಕೊಂಡು ಎರಡೇ ವರ್ಷದಲ್ಲಿ ಬೀಗ ಜಡಿದ. ಸ್ಟಾನ್ ಅದೇ ಕುರ್ಚಿಯಲ್ಲಿ ಕೂತು ಕುಡಿದು ಕುಡಿದು ಸತ್ತ.

ಈಗ ಅದೇ ಕ್ರೇಗ್ ದೇಶದ ಅಧ್ಯಕ್ಷನಾಗಲು ಹೊರಟಿದ್ದ! ವರ್ನಾಳಿಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು, ಗಂಟಲಿಗೇನು ಬರವೇ? ಪಕ್ಕದ ಮನೆಯ ಗೆಳತಿ ಪಾಲೀನಳನ್ನು ಕಟ್ಟಿಕೊಂಡು ಆರು ತಿಂಗಳು ಊರೆಲ್ಲ ಬಾಗಿಲು ಬಡಿದಳು. "ಆ ಹಾಳಾದವನಿಗೆ ಓಟ್ ಹಾಕಿದ್ರೆ ಮತ್ತೆ ನನ್ ಮುಖ ನೋಡ್ಬೇಡಿ!" ಅಕ್ಟೋಬರಿನ ಹೊತ್ತಿಗೆ ಕ್ರೇಗ್ ನಮ್ಮ ರಾಜ್ಯದಲ್ಲಿ ಹಿಂದೆ ಬಿದ್ದಿದ್ದ. ಇಲ್ಲಿ ಸೋತರೆ ದೇಶವೂ ಅವನ ಕೈತಪ್ಪಿದಂತೆಯೇ.

ಒಂದು ಶುಕ್ರವಾರ ಅವನು ಬೀದಿ ತುದಿಯ ಚರ್ಚಿಗೆ ಮತ ಕೇಳಲು ಬಂದ. ವರ್ನಾಳ ಕಾರು ರಿಪೇರಿಗೆ ಹೋಗಿತ್ತು. ಅವನನ್ನು ಬೈಯಲೆಂದೇ ಬರೆದ ಫಲಕ ಹಿಡಿದು ಬಾಗಿಲು ತೆರೆದರೆ, ಅವಳ ಜಾಗದಲ್ಲಿ ಬಿಳಿ ವ್ಯಾನು, ಕುರ್ಚಿ ಚರಂಡಿಯಲ್ಲಿ.

"ಲೇಯ್! ಯಾರನ್ನ ಕೇಳಿ ಕುರ್ಚಿ ಎತ್ತಿದ್ಯೋ?"

"ಹತ್ ನಿಮಿಷ ಸುಮ್ನಿರಜ್ಜಿ. ಬೀದಿ ಏನ್ ನಿಮ್ಮಪ್ಪಂದಾ?" ಎಂದ ವ್ಯಾನಿನಲ್ಲಿ ಕೂತಿದ್ದವನು.

ಕುರ್ಚಿ ಎತ್ತಿದ್ದೂ ಅಲ್ಲದೆ ಅಜ್ಜಿ ಬೇರೆ! ಫಲಕದ ಕೋಲಿನಿಂದ ವ್ಯಾನಿಗೆ ಬಾರಿಸುತ್ತ ಬೀದಿಯೇ ಕಿತ್ತುಹೋಗುವಂತೆ ಕೂಗಿದಳು. ಓಡಿಬಂದ ಪೊಲೀಸಿನವನು ಇದೇ ಗುಡ್ಡದಲ್ಲಿ ಹುಟ್ಟಿದವನು. "ಕುರ್ಚಿ ಎತ್ತಿದೀಯಾ? ಯಾವೂರೋ ನಿಂದು?" ಎಂದು ವ್ಯಾನಿನೊಳಗೆ ಬಗ್ಗಿ ನೋಡಿದ. ಕಂಬಳಿಯ ಕೆಳಗೆ ಬಂದೂಕು. ಹಿಂದಿನ ಕಿಟಕಿ ನೇರ ಚರ್ಚಿನ ಮೆಟ್ಟಿಲಿಗೆ ಮುಖ ಮಾಡಿತ್ತು.

ಸಂಜೆ ಟೀವಿಯಲ್ಲಿ ಕ್ರೇಗ್ ಕಣ್ಣೊರೆಸಿಕೊಂಡ. "ಒಬ್ಬ ತಾಯಿ ಕೂಗಿ ನನ್ನ ಪ್ರಾಣ ಉಳಿಸಿದ್ರು" ಎಂದ. ಮರುದಿನದಿಂದ ಅವನ ಎಲ್ಲ ಸಭೆಗಳಲ್ಲೂ ವೇದಿಕೆಯ ಮೇಲೊಂದು ಹಸಿರು ಕುರ್ಚಿ. ಕ್ಯಾಮೆರಾ ಹೊತ್ತು ಬಂದವರಿಗೆ ವರ್ನಾ ಉಗಿದಳು: "ಒಳಗೆ ಬಂದೂಕಿದೆ ಅಂತ ನಂಗೇನ್ ಕನಸು ಬಿದ್ದಿತ್ತಾ? ನನ್ ಜಾಗಕ್ಕೆ ಕೂಗ್ದೆ. ಆ ಮನುಷ್ಯ ಸೋಲ್ಬೇಕು, ಅಷ್ಟೇ!" ಟೀವಿಯಲ್ಲಿ ಬಂದದ್ದು 'ಕೂಗ್ದೆ' ಅನ್ನುವಷ್ಟೇ ತುಣುಕು.

ನವೆಂಬರಿನಲ್ಲಿ ಕ್ರೇಗ್ ನಮ್ಮ ರಾಜ್ಯವನ್ನು ಒಂಬತ್ತು ಸಾವಿರ ಮತಗಳಿಂದ ಗೆದ್ದ, ಅದರ ಜೊತೆ ದೇಶವನ್ನೂ. ಸತ್ತಿದ್ದರೆ ಅವನ ಪಕ್ಷ ಹೆಣ ತೋರಿಸಿ ಇನ್ನೂ ಹೆಚ್ಚು ಮತ ಬಾಚುತ್ತಿತ್ತು ಎಂದರು ಕೆಲವರು. ವ್ಯಾನು ಬಾರದೇ ಇದ್ದಿದ್ದರೆ ಸೋಲುತ್ತಿದ್ದ ಎಂದರು ಇನ್ನು ಕೆಲವರು. ಬೀದಿಗೆ ಈ ಲೆಕ್ಕಾಚಾರವೆಲ್ಲ ಬೇಕಿರಲಿಲ್ಲ. ಬೈಯಲು ವರ್ನಾ ಇದ್ದಳಲ್ಲ!

ಬೇಕರಿಯಲ್ಲಿ ಎಲ್ಲರೆದುರೇ ಪಾಲೀನ್ ಕೇಳಿದಳು, "ಒಂದ್ ದಿನ ಬಾಯ್ಮುಚ್ಕೊಂಡಿರಕ್ಕೆ ಆಗ್ಲಿಲ್ವೇನೇ ನಿಂಗೆ?"

"ಅವನು ಸಾಯ್ಬೇಕಿತ್ತಾ ಹಾಗಾದ್ರೆ? ಬಾಯ್ಬಿಟ್ಟು ಹೇಳೇ!"

ಪಾಲೀನ್ ರೊಟ್ಟಿಯನ್ನೂ ಕೊಳ್ಳದೆ ಹೊರಟುಹೋದಳು.

ವರ್ನಾ ಕಾರಿನಲ್ಲಿ ಮನೆಗೆ ಬಂದಾಗ ಅವಳ ಜಾಗದಲ್ಲಿ ಪಾಲೀನಳ ನೀಲಿ ಕಾರು ನಿಂತಿತ್ತು. ಕುರ್ಚಿ ಚರಂಡಿಯಲ್ಲಿ ಕಾಲು ಮೇಲಾಗಿ ಬಿದ್ದಿತ್ತು. ನಲವತ್ತು ವರ್ಷದಲ್ಲಿ ಈ ಬೀದಿಯವರು ಯಾರೂ ಮಾಡದ ಕೆಲಸ. ಪಾಲೀನ್ ತನ್ನ ಕಿಟಕಿಯಲ್ಲಿ ಕೈಕಟ್ಟಿಕೊಂಡು, ಕೂಗಲಿ ನೋಡೋಣ ಎಂದು ಕಾದು ನಿಂತಿದ್ದಳು.

ವರ್ನಾ ತನ್ನ ಕಾರಿನ ಗಾಜು ಇಳಿಸಿದಳು. ಬಾಯಿ ತೆರೆದಳು. ಅಂದು ಕೂಗಿದ್ದು ನೆನಪಾಯಿತು. ಬಾಯಿ ಮುಚ್ಚಿ, ಮೂರು ಬೀದಿಯಾಚೆ ಕಾರು ನಿಲ್ಲಿಸಿ, ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಳು. ಸ್ಟಾನನ ಕುರ್ಚಿಯನ್ನು ಎತ್ತಿ, ಕೆಸರು ಒರೆಸಿ, ಒಳಗೆ ತೆಗೆದುಕೊಂಡು ಹೋದಳು.