ಅಂಚಿನಲ್ಲಿ ಪೆನ್ಸಿಲ್ ಗೀಟು

ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಹೆಂಗಸಿಗೆ ಯಾರನ್ನೂ ಸುಲಭಕ್ಕೆ ನಂಬಿ ಅಭ್ಯಾಸವಿರಲಿಲ್ಲ. ಹತ್ತೊಂಬತ್ತು ವರ್ಷ ಒಂದೊಂದು ಅಕ್ಷರವನ್ನೂ ಕಳ್ಳನನ್ನು ನೋಡುವಂತೆ ನೋಡಿ ನೋಡಿ ಆ ಗುಣ ಮೈಗೂಡಿಬಿಟ್ಟಿತ್ತು. ಗಂಡ ಚಹಾ ಚೆನ್ನಾಗಿದೆ ಎಂದರೂ, ಇವತ್ತು ಇವರಿಗೆ ನನ್ನಿಂದ ಏನಾಗಬೇಕಾಗಿದೆಯೋ ಎಂದುಕೊಳ್ಳುವಳು.

ಇಂಥವಳಿಗೆ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಕಥೆ ಬರೆಯುವ ಆಸೆ ಹುಟ್ಟಿತು. ಗ್ರಂಥಾಲಯದಲ್ಲಿ ಭಾನುವಾರ ನಡೆಯುತ್ತಿದ್ದ ತರಗತಿಗೆ ಸೇರಿದಳು. ಅಲ್ಲಿನ ಮೇಷ್ಟ್ರು ಹೇಳಿದ್ದು ಇಷ್ಟೇ: ದಿನವೂ ಒಂದೇ ಹೊತ್ತಿಗೆ ಕೂತು ಬರೆಯಿರಿ, ಬರೆಯುವಾಗ ತಿದ್ದಬೇಡಿ, ಮುಂದೇನೆಂದು ಗೊತ್ತಿರುವಾಗಲೇ ನಿಲ್ಲಿಸಿ, ಮರುದಿನ ಕೈ ತಾನಾಗಿ ಓಡುತ್ತದೆ. ಇಷ್ಟು ಸುಲಭವಾಗಿದ್ದರೆ ಈತ ಹತ್ತು ವರ್ಷದಿಂದ ಏಕೆ ಒಂದು ಪುಸ್ತಕವನ್ನೂ ಹೊರತಂದಿಲ್ಲ ಎಂಬ ಗುಮಾನಿ ಅವಳಿಗೆ. ಆದರೂ, ಮಾತು ಸುಳ್ಳೆಂದು ತೋರಿಸಲಿಕ್ಕಾದರೂ ಆಗಲಿ ಎಂದು, ಊಟದ ಬಿಡುವಿನಲ್ಲಿ ಕಾಗದದ ಕೋಣೆಯಲ್ಲಿ ಕೂತು ಬರೆಯತೊಡಗಿದಳು. ಆರು ವರ್ಷ ಮಾತು ಬಿಟ್ಟಿದ್ದ ತಂಗಿಯ ಮನೆಗೆ ಹೊರಟ ಹೆಂಗಸೊಬ್ಬಳ ಕಥೆ. ತಿದ್ದಲು ಕೈ ತುರಿಸಿದಾಗಲೆಲ್ಲ ಹಲ್ಲು ಕಚ್ಚುವಳು. ಬರೆದಾದ ಮೇಲೆ ನೋಟುಪುಸ್ತಕವನ್ನು ಅಲ್ಲೇ ರಟ್ಟುಗಳ ಅಡಿ ಬಚ್ಚಿಡುವಳು.

ಮೂರನೆಯ ವಾರ ಪುಟಗಳ ಅಂಚಿನಲ್ಲಿ ಸಣ್ಣ ಪೆನ್ಸಿಲ್ ಗೀಟುಗಳು ಕಂಡವು. ಮೊದಲು ಅನುಮಾನ ಹೋದದ್ದು ಬೈಂಡಿಂಗ್ ಮಾಡುವ ಗೆಳತಿಯ ಮೇಲೆ. ನಾಲ್ಕು ದಿನ ಆಕೆಯೊಡನೆ ಮಾತೇ ಆಡಲಿಲ್ಲ. ಆಮೇಲೆ ಮಾಲೀಕರ ಮೇಲೆ. ಅವರು ಇವಳನ್ನು ನೋಡಿ ಎರಡು ಸಲ ಸುಮ್ಮಸುಮ್ಮನೆ ನಕ್ಕಿದ್ದರು. ಐದನೆಯ ದಿನ ಬರೆದು ಮುಗಿಸಿ, ಹೊರಗೆ ಹೋದಂತೆ ಮಾಡಿ, ಕಾಗದದ ಕಟ್ಟುಗಳ ಹಿಂದೆ ಉಸಿರು ಬಿಗಿಹಿಡಿದು ಕೂತಳು.

ಬಂದದ್ದು ಎಲ್ಲರೂ ಮಿಷನಣ್ಣ ಎಂದು ಕರೆಯುತ್ತಿದ್ದ, ಅಚ್ಚಿನ ಯಂತ್ರ ನಡೆಸುವ ಮುದುಕ. ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ನೇರವಾಗಿ ರಟ್ಟುಗಳ ಅಡಿಗೇ ಕೈ ಹಾಕಿದ.

"ಏನಣ್ಣ ಇದು, ಕದ್ದು ಓದೋದು?" ಎಂದಳು ಎದ್ದು ನಿಂತು.

ಮುದುಕ ಬೆಚ್ಚಿಬಿದ್ದ. "ತಪ್ಪಾಯ್ತಮ್ಮ. ರಟ್ಟು ತಗೊಳ್ಳೋಕೆ ಬಂದಾಗ ಸಿಕ್ತು. ಅವಳು ತಂಗಿ ಮನೆ ಬಾಗಿಲು ತಟ್ಟೋ ಹೊತ್ತಿಗೆ ಕಥೆ ನಿಲ್ಲಿಸಿಬಿಟ್ಟಿದ್ದೆ ನೀನು. ಓದಿದೋನು ಮುಂದೇನಾಯ್ತು ಅಂತ ನೋಡ್ದೆ ಹೇಗಿರ್ತಾನೆ?"

"ಮತ್ತೆ ಈ ಗೀಟು?"

"ಅಲ್ಲಲ್ಲಿ ನಂಗೆ ಆಕಳಿಕೆ ಬಂತು."

ಅವಳಿಗೆ ಮೈಯೆಲ್ಲ ಉರಿಯಿತು. ನೋಟುಪುಸ್ತಕವನ್ನು ಮನೆಗೆ ಒಯ್ದು ಗೀಟು ಬಿದ್ದ ಸಾಲುಗಳನ್ನು ಗಟ್ಟಿಯಾಗಿ ಓದಿದಳು. ಎಲ್ಲವೂ ತಾನು ಮೆಚ್ಚಿ ಮೆಚ್ಚಿ ಬರೆದ ವರ್ಣನೆಗಳೇ: ಮೋಡ, ಮೆಟ್ಟಿಲು, ಬೀದಿಯ ನೆರಳು. ಓದುತ್ತ ಓದುತ್ತ ಅವಳಿಗೂ ಆಕಳಿಕೆ ಬಂತು. ಮರುದಿನ ಗೆಳತಿಯ ಬಳಿ ಹೋಗಿ ತಪ್ಪೊಪ್ಪಿಕೊಂಡಳು. ಕಥೆ ಮುಗಿದ ಮೇಲೆ ಅಂಥ ಸಾಲುಗಳನ್ನೆಲ್ಲ ಹೊಡೆದುಹಾಕಿದಳು. ಎಪ್ಪತ್ತು ಪುಟ ನಲವತ್ತೆರಡಕ್ಕೆ ಇಳಿಯಿತು.

ಶುದ್ಧಪ್ರತಿಯನ್ನು ತಾನೇ ಮುದುಕನ ಕೈಗಿತ್ತಳು. ಈ ಸಲ ಗೀಟೇ ಇರಲಿಲ್ಲ. ಓದಿಯೇ ಇಲ್ಲವೇನೋ ಎಂದು ಶಂಕಿಸಿ ನಾಲ್ಕಾರು ಪ್ರಶ್ನೆ ಹಾಕಿದಳು. ಆತ ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟ. ಕೊನೆಗೆ, ತಂಗಿ ಓಡಿಬಂದು ತಬ್ಬಿಕೊಳ್ಳುವ ಪುಟಕ್ಕೆ ಮಾತ್ರ ಅಡ್ಡಡ್ಡ ತಲೆಯಾಡಿಸಿದ.

"ಆರು ವರ್ಷ ಮಾತು ಬಿಟ್ಟೋರು ಹಾಗೆ ಮಾಡಲ್ಲಮ್ಮ. ಮೊದಲು, ಯಾಕೆ ಬಂದೆ ಅಂತ ಕೇಳ್ತಾರೆ."

ಇವನಿಗೆ ಹೇಗೆ ಗೊತ್ತು ಎಂದು ಅವಳು ಮುಖ ದಿಟ್ಟಿಸಿದಳು. ಮುದುಕ ಬೇರೆಡೆ ನೋಡಿದ. ಅವಳು ಕೆದಕಲಿಲ್ಲ.

ಕೊನೆಯ ಪುಟವನ್ನು ನಾಲ್ಕು ಸಲ ಬರೆದಳು. ಕಥೆ ವಾರಪತ್ರಿಕೆಯೊಂದರಲ್ಲಿ ಅಚ್ಚಾದಾಗ ಒಂದು ಪ್ರತಿಯನ್ನು ಆತನಿಗೆ ಕೊಟ್ಟಳು. ಮುದುಕ ಯಂತ್ರ ನಿಲ್ಲಿಸಿ, ನಿಂತಲ್ಲೇ ಕೊನೆಯ ಪುಟ ಓದಿ, ಪತ್ರಿಕೆ ಮಡಚಿ ಅಂಗಿಯೊಳಗೆ ಇಟ್ಟುಕೊಂಡ. ಆ ಶನಿವಾರ ಅರ್ಧ ದಿನ ರಜೆ ಕೇಳಿದ, ಅಣ್ಣನ ಮನೆಗೆ ಹೋಗಬೇಕೆಂದು.